ಆರಿ ಹೇಳಿದ್ದು

ಟಾರ್ಕ್ವಾದಲ್ಲಿ ಕರೆಂಟು ನೆಚ್ಚುವಂಥದ್ದಲ್ಲ.
ಒಲೆ ಮಾತ್ರ ಮೂರು ಹಗಲು ಮೂರು ರಾತ್ರಿ
ನೂರಿಪ್ಪತ್ತು ಡಿಗ್ರಿಯಲ್ಲೇ ಕೂತಿರಬೇಕು.
ಅದಕ್ಕೇ ಎಫುವಾ ಜನರೇಟರಿನ ಪಕ್ಕ ಚಾಪೆ ಹಾಸಿದ್ದಾಳೆ,
ಹೆರಿಗೆ ಕೋಣೆಯ ಬಾಗಿಲಲ್ಲಿ ಕಾಯುವವರಂತೆ
ಅರೆನಿದ್ದೆ, ಅರೆಕಿವಿ.

ಉಕ್ಕಿನ ಡಬ್ಬಿಯೊಳಗೆ, ಕತ್ತಲಲ್ಲಿ,
ಯುರೋಪಿಯಂ ಎಂಬ ಲೋಹದ ಗಂಟುಗಳು.
ಗಂಟಿಗೂ ಗಂಟಿಗೂ ನಡುವೆ ಇಂಗಾಲದ ತೊಲೆ.
ತೊಲೆಗೆ ತೊಲೆ ಸೇರಿ ಕೋಣೆ, ಕೋಣೆಯ ಮೇಲೆ ಕೋಣೆ,
ಬಾಗಿಲಿಲ್ಲದ, ಬರೀ ಕಿಟಕಿಗಳ ಮನೆ.
ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ
ಒಂದು ಚಮಚ ಪುಡಿ ಶಾಲೆಯ ಅಂಗಳ ಮುಚ್ಚುತ್ತದೆ.
ಎರಡು ಸಲ ಲೆಕ್ಕ ಹಾಕಿದ್ದಾಳೆ.
ಇನ್ನೂ ನಂಬಿಲ್ಲ.

ಹಗಲಲ್ಲಿ ಅದು ಅಕ್ಕಿಹಿಟ್ಟು, ಅಷ್ಟೇ.
ನೇರಳಾತೀತ ಟಾರ್ಚು ಬಿದ್ದಾಗ ಮಾತ್ರ ಕೆಂಪು.
ಕೆಂಡದ್ದಲ್ಲ, ಕುಂಕುಮದ್ದಲ್ಲ;
ಯಾರನ್ನೂ ಸುಡದ, ಯಾರಿಗೂ ಸೇರದ ಕೆಂಪು.
ಕಿಟಕಿಯಿಂದ ಪಾದರಸ ನುಸುಳಿತೋ,
ಗದ್ದಲವಿಲ್ಲ, ಗಂಟೆಯಿಲ್ಲ,
ಬೆಳಕು ಇಳಿಯುತ್ತದೆ.
ದೂರು ಕೊಡಲು ಅದಕ್ಕೆ ಬರುವುದು ಇದೊಂದೇ ಭಾಷೆ.

(ದೀಪ ಆರಿತು ಎನ್ನಬಾರದು,
ದೊಡ್ಡದಾಯಿತು ಎನ್ನಬೇಕು,
ಎಂದು ನನ್ನನ್ನು ಗದರಿದವರಿದ್ದರು.
ಈ ಪುಡಿಯ ಮಟ್ಟಿಗೆ ಅವರ ಮಾತು ಸುಳ್ಳಲ್ಲ.)

ಶನಿವಾರ, ಪುಡಿ ಹಚ್ಚಿದ ಕಾಗದದ ಪಟ್ಟಿಗಳೊಂದಿಗೆ
ಅಂಕೋಬ್ರಾ ನದಿಯ ದಂಡೆಗೆ.
ನದಿಗೆ ಹಾಲು ಹೆಚ್ಚಾದ ಚಹಾದ ಬಣ್ಣ.
ಚಿಕ್ಕಮ್ಮ ಅರಬಾ ಮಣ್ಣಿನ ಗೂಡಿನ ಮೇಲೆ
ಮೀನಿಗೆ ಹೊಗೆ ಕೊಡುತ್ತಿದ್ದಾಳೆ,
ಕಣ್ಣು ಕಿರಿದು ಮಾಡಿ, ಬಾಯಿ ಮುಚ್ಚದೆ.

ಮಳೆನೀರಿನ ಡ್ರಮ್ಮು: ಕೆಂಪು.
ಶಾಲೆಯ ಬಾವಿ: ಕೆಂಪು, ಸ್ವಲ್ಪ ಸೋತ ಕೆಂಪು.
ನದಿ: ಕಣ್ಣು ಕಿರಿದು ಮಾಡಿದರೆ ಕಂಡೀತು.
ಅಣ್ಣ ಎಕೋ ಕೈ ತೊಳೆದ ಬೋಗುಣಿ:

ಟಾರ್ಚಿನ ಬ್ಯಾಟರಿ ಮುಗಿಯಿತೇ ಎಂದು
ಅವಳು ಇನ್ನೊಂದು ಪಟ್ಟಿಯ ಮೇಲೆ ಹಿಡಿದು ನೋಡಿದಳು.
ಬ್ಯಾಟರಿ ಮುಗಿದಿರಲಿಲ್ಲ.

ಎಕೋ ಅಂಗೈ ಒರೆಸಿಕೊಂಡ.
ಆ ಅಂಗೈಯಲ್ಲೇ ಅವನು ಮರಳಿಗೆ ಪಾದರಸ ಹಾಕಿ ನಾದುವುದು,
ಬಟ್ಟೆಯಲ್ಲಿ ಹಿಂಡುವುದು, ಬಾಣಲೆಯಲ್ಲಿ ಕಾಯಿಸುವುದು,
ಕೊನೆಗೆ ಕಡಲೆಯಷ್ಟು ಹಳದಿ ಉಳಿಯುವುದು.
"ನಿನ್ನ ಕಾಗದ ಚಿನ್ನ ಹುಡುಕುತ್ತದಾ?"
"ಇಲ್ಲ."
"ಮತ್ತೆ ಯಾರು ಕೊಳ್ಳುತ್ತಾರೆ ಇದನ್ನ?"

ಎಫುವಾಳ ಕಾಲೇಜಿನ ಎರಡನೇ ವರ್ಷದ ಫೀಜು
ಆ ಅಂಗೈಯಿಂದಲೇ ಬಂದದ್ದು.
ಪಟ್ಟಿಗೆ ಅದು ತಿಳಿಯದು.
ಅದಕ್ಕೆ ಒಂದೇ ವಿಷ ಗೊತ್ತು, ಒಂದೇ ಮಾತು;
ಉಳಿದದ್ದೆಲ್ಲ ಅದರ ಕಿಟಕಿಗೆ ದೊಡ್ಡದು.

ಅವಳು ಏನೂ ಹೇಳದೆ ಸೀಸೆ ತೆಗೆದಳು,
ಆರಿದ ಪಟ್ಟಿಯನ್ನು ಅದ್ದಿ, ಅಲ್ಲಾಡಿಸಿ, ಮತ್ತೆ ಅದ್ದಿ,
ಟಾರ್ಚು ಹಿಡಿದಳು.
ಮೊದಲು ಅಂಚು, ಆಮೇಲೆ ನಡು,
ಮತ್ತೆ ಕೆಂಪು.

"ನೋಡು, ತೊಳೆದರೆ ಮೊದಲಿನಂತಾಗುತ್ತದೆ"
ಎಂದಳು, ಯಾರಿಗೋ.

ಅರಬಾ ಮೀನು ಮಗುಚುತ್ತಲೇ ಕೇಳಿದಳು:
"ಒಳ್ಳೇದಾಯ್ತು.
ಯಾವ ನೀರಲ್ಲಿ ತೊಳೆದೆ?"

ಸೀಸೆಯ ಮೇಲೆ ತಕೊರಾಡಿಯ ಚೀಟಿ,
ಮುಚ್ಚಳಕ್ಕೆ ಮುದ್ರೆ.
ಒಳಗೆ ಇನ್ನು ನಾಲ್ಕು ಬೆರಳಷ್ಟು.