ಒತ್ತಿಗೊಂದಿಷ್ಟು ಜಾಗ

ಬೋಳಾರದ ಈ ಮಹಡಿ ಕೋಣೆ ಬಾಡಿಗೆಗೆ ಹಿಡಿಯುವಾಗ
ಬೆನಡಿಕ್ಟಾ ಬಾಯಿ ಕೇಳಿದ್ದರು: ಕೆಲಸ ಎಂತದ್ದು?
ಕಲಿಸುವುದು, ಅಂದೆ.
ಯಾವ ಶಾಲೆ?
ಶಾಲೆ ಇಲ್ಲ.
ಮತ್ತೆ ಮಕ್ಕಳು?
ಉಂಟು, ಕೆಲವರಿಗೆ ನನಗಿಂತ ವಯಸ್ಸು.
ಅವರು ಒಂದು ತಿಂಗಳ ಮುಂಗಡ ಹೆಚ್ಚಿಗೆ ತಗೊಂಡರು.

ಒಟ್ಟು ಆರು ಜನ ನಾವು.
ಮೃಣ್ಮಯಿ ವಡೋದರದಲ್ಲಿ; ಕಂಪನಿ ಅವಳದ್ದು,
ಕಂಪನಿ ಅಂದರೆ ಅವಳ ಊಟದ ಮೇಜು.
ಡೆಹ್ರಾಡೂನಿನಲ್ಲಿ ತೆನ್ಜಿನ್, ಸದಾ ಟೊಪ್ಪಿ, ಮಾತಿಲ್ಲ.
ಮಿಕ್ಕವರ ಗೋಡೆಗಳು ಗೊತ್ತು, ಎತ್ತರ ಗೊತ್ತಿಲ್ಲ.
ಬೆಳಿಗ್ಗೆ ಹತ್ತಕ್ಕೆ ಮುಖಗಳೆಲ್ಲ ಚೌಕದಲ್ಲಿ ಕೂತು
ನಿನ್ನೆ ಏನು ಮಾಡಿದೆ ಎಂದು ಒಪ್ಪಿಸುವಾಗಲೇ
ಕೆಳಗೆ ಮೀನಿನ ಸ್ಕೂಟರಿನ ಹಾರ್ನು.
ಮೈಕ್ ಬಂದ್ ಮಾಡಿ ಓಡುತ್ತೇನೆ.
ನೂರಕ್ಕೆ ಎಂಟು ಬಂಗುಡೆ.
ನಿನ್ನೆ ಹತ್ತಿತ್ತಲ್ಲ ಮಾರಾಯ, ಅನ್ನುವಷ್ಟರಲ್ಲಿ
ಮೇಲೆ ನನ್ನ ಹೆಸರು ಕರೆಯುತ್ತಿರುತ್ತಾರೆ.

ಈ ಸಲ ಮೊದಲ ಕನ್ನಡ ಬ್ಯಾಚು, ಹನ್ನೊಂದು ಮಂದಿ.
ಉಳ್ಳಾಲದ ಶಮ್ನಾ ಮಗುವನ್ನು ತೊಡೆಯಲ್ಲಿ ಮಲಗಿಸಿ
ಕ್ಯಾಮರಾ ಆರಿಸಿ, ಮೊಬೈಲಿನಲ್ಲೇ ಎಲ್ಲ ಮಾಡಿದಳು,
ಭಾವನ ಬೇಕರಿಗೆ ಹೊಸ ಬ್ರೆಡ್ಡಿನ ಪೊಟ್ಟಣ.
ಮೂರು ತಿಂಗಳಲ್ಲಿ ಕೇಳಿದ್ದು ಒಂದೇ ಪ್ರಶ್ನೆ:
‘ಖಾಲಿ ಬಿಟ್ಟ ಜಾಗಕ್ಕೂ ಪ್ರೆಸ್ಸಿನವ ದುಡ್ಡು ಹಿಡಿಯುತ್ತಾನಾ ಮೇಡಂ?’
ನೋಡಿ ಹೇಳುತ್ತೇನೆ ಅಂದಿದ್ದೆ.
ಇನ್ನೂ ಹೇಳಿಲ್ಲ.

ಪ್ರಮಾಣಪತ್ರ ನಮ್ಮಲ್ಲಿ ತಾನಾಗಿ ಹೋಗುತ್ತದೆ,
ರಾತ್ರಿ ಹನ್ನೆರಡಕ್ಕೆ, ಹೆಸರು ತುಂಬಿಕೊಂಡು.
ಬೆಳಿಗ್ಗೆ ಅವಳ ಸಂದೇಶ:
‘ಮೇಡಂ, ಪಾಸಾದದ್ದು ನನ್ನ ನಾದಿನಿಯಾ?
ಶಮಾ ಅಂದರೆ ಅವಳು.
ಅವಳಿಗೆ ನೆಟ್ಟಗೊಂದು ಗೆರೆ ಎಳೆಯಲು ಬರುವುದಿಲ್ಲ.’

ತೆರೆದು ನೋಡಿದೆ.
ಹೆಸರಿನ ಪೆಟ್ಟಿಗೆ ಇಂಗ್ಲಿಷಿನ ಅಳತೆಯದ್ದು,
ಗೆರೆಯ ಮೇಲೆ ಕೂತವರಿಗೆ ಮಾತ್ರ.
ಕೆಳಗೆ ಇಳಿದದ್ದೆಲ್ಲ ಕತ್ತರಿಸಿ ಹೋಗಿದೆ.
ಮಿಸ್ರಿಯಾ ಮಿಸಿಯಾ ಆಗಿದ್ದಾಳೆ.
ಕಾರ್ಕಳದ ಪದ್ಮರಾಜ ಬಲ್ಲಾಳರು, ನಿವೃತ್ತ ಪೋಸ್ಟ್ ಮಾಸ್ಟರ್,
ಪದರಾಜ ಬಲಾಳರಾಗಿ
ಆಗಲೇ ಚೌಕಟ್ಟು ಹಾಕಿಸಲು ಕೊಟ್ಟಾಗಿದೆ.
ಪೂರ್ತಿ ಉಳಿದವಳು ರೀಟಾ ಒಬ್ಬಳೇ.
ಅವಳ ಹೆಸರಿಗೆ ಕೆಳಮನೆ ಇಲ್ಲ.

ಇದನ್ನು ಪರೀಕ್ಷಿಸಿದವಳು ನಾನು.
ಅಕ್ಷರಗಳ ನಡುವೆ ಎಷ್ಟು ಉಸಿರು ಬೇಕೆಂದು
ವಾರಕ್ಕೆರಡು ಸಂಜೆ ಪಾಠ ಹೇಳುವ ನಾನು
‘ಕಮಲ’ ಎಂದು ಬರೆದು ನೋಡಿ
ಸರಿ ಎಂದು ಒತ್ತಿದ್ದೆ.

ಆ ದಿನ ಕರೆಂಟೂ ಇಲ್ಲ. ಮಂಚದಲ್ಲಿ ಅಂಗಾತ ಬಿದ್ದೆ.
ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು,
ಮಣ್ಣು ಹಸಿಯಿದ್ದಾಗ ಅಚ್ಚೊತ್ತಿದ ಇಂಗ್ಲಿಷ್ ದಪ್ಪಕ್ಷರ.
ನೂರಾರು ಹಂಚು, ಅದೇ ಹೆಸರು, ಬಿಗಿಯಾದ ಸಾಲು.
ಒಂದಕ್ಕೂ ಕಾಲು ಚಾಚುವ ಅಗತ್ಯವಿಲ್ಲ.

ಮರುದಿನ ಹತ್ತಕ್ಕೆ ಹೇಳಿದೆ.
ಕೆಳಗೆ ನೇತಾಡುವುದು ಏನದು, ಅಲಂಕಾರವಾ? ಯಾರೋ ಕೇಳಿದರು.
ಅಲ್ಲ, ಅದು ಇನ್ನೊಂದು ಅಕ್ಷರ.
ಪೆಟ್ಟಿಗೆ ದೊಡ್ಡದಾದರೆ ಉಳಿದ ಭಾಷೆಗಳ ಪುಟ ಕೆಡುತ್ತದೆ,
ಮುಂದಿನ ತಿಂಗಳು ನೋಡುವ, ಅಂದಳು ಮೃಣ್ಮಯಿ.
ಈ ತಿಂಗಳ ಸಂಬಳವೂ ಎರಡು ಕಂತಿನಲ್ಲಿ,
ಅಂತ ಅದೇ ಉಸಿರಿನಲ್ಲಿ.
ಯಾರೂ ಮಾತಾಡಲಿಲ್ಲ.
ಆಗ ತೆನ್ಜಿನ್ ಒಂದು ಕಾಗದ ಎತ್ತಿ ಹಿಡಿದ.
ಅಕ್ಷರದ ಹೊಟ್ಟೆಗೆ ಆತುಕೊಂಡು ಇನ್ನೊಂದು ಅಕ್ಷರ,
ಅದರಡಿ ಮತ್ತೊಂದು.
‘ನಮ್ಮದೂ ಹೀಗೇ. ಅಮ್ಮ ಅಕ್ಕಿಹಿಟ್ಟಿನಲ್ಲಿ ಬರೆಸುತ್ತಿದ್ದಳು.’
ನಾನು ಕಳಿಸಿದ ಕನ್ನಡದ ತನ್ನ ಹೆಸರನ್ನು
ಪೆಟ್ಟಿಗೆಯಲ್ಲಿಟ್ಟು ನೋಡಿದ್ದನಂತೆ.
ತೆನಿನ್.
ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.
ಅವನಿಗೆ ಇಷ್ಟು ಕೂದಲಿದೆ ಎಂದು ಗೊತ್ತಿರಲಿಲ್ಲ.

ನಡುರಾತ್ರಿ ಹನ್ನೊಂದೂ ಪತ್ರ ಮತ್ತೆ ಹೋದವು.
ಬಲ್ಲಾಳರು ಎರಡನ್ನೂ ತೂಗುಹಾಕುತ್ತಾರಂತೆ.
ಶಮ್ನಾ ಮಧ್ಯಾಹ್ನ ಬರೆದಳು:
‘ಸರಿಯಾಗಿ ಬಂದಿದೆ ಮೇಡಂ.
ಹಳೆಯದ್ದನ್ನು ನಾದಿನಿ ಪ್ರಿಂಟ್ ತೆಗೆಸಿಟ್ಟುಕೊಂಡಿದ್ದಾಳೆ,
ಕೇಳಿದರೆ ಕೊಡುವುದಿಲ್ಲ ಅನ್ನುತ್ತಾಳೆ.
ತೊಂದರೆ ಉಂಟಾ?’

ಇಲ್ಲ, ಇರಲಿ, ಎಂದು ಬರೆದು
ಬಾಯಿಯ ಬಾಗಿಲು ತಟ್ಟಲು ಇಳಿದೆ,
ಅರ್ಧ ಬಾಡಿಗೆ ಕೈಯಲ್ಲಿ ಹಿಡಿದು.