ಹ್ಞೂಂಗುಡುವ ತಂತಿ

ಕೊನೆಯ ಬೆಲ್ಟು ಮೊದಲು ಹೊರಡಬೇಕು.
ಅದು ಓಡುತ್ತಿದೆಯೆಂದು ಖಾತ್ರಿಯಾದ ಮೇಲೆ ಅದರ ಹಿಂದಿನದು,
ಆಮೇಲೆ ಜರಡಿ, ಆಮೇಲೆ ಬಾಣಲೆಯ ಬಾಯಿ.
ಇಳಿಯುವವರು ಇಳಿದ ಮೇಲೆ ಹತ್ತುವವರು:
ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಈವರೆಗೆ ಕಾಣದ ಈ ನಿಯಮವನ್ನು
ಮಂಡಕ್ಕಿ ಭಟ್ಟಿಯ ಮೂರು ಬೆಲ್ಟುಗಳಿಗೆ
ಒಂದೇ ರಾತ್ರಿಯಲ್ಲಿ ಕಲಿಸಿದೆ.

ಪ್ಯಾನೆಲ್ಲಿನೊಳಗೆ ಅಂಗೈಯಗಲದ ಪಿಎಲ್‌ಸಿ.
ಲ್ಯಾಪ್‌ಟಾಪಿನ ಪರದೆಯಲ್ಲಿ ಏಣಿ,
ಮೆಟ್ಟಿಲಿಗೊಂದು ಮಾತು:
ಇದಿದ್ದರೆ ಅದು. ಇದಿಲ್ಲದಿದ್ದರೆ ಅದೂ ಇಲ್ಲ.
ಮೇಲಿಂದ ಕೆಳಕ್ಕೆ ಓದುತ್ತದೆ, ಮತ್ತೆ ಮೇಲಿಂದ,
ಸೆಕೆಂಡಿಗೆ ನೂರು ಸಲ.
ಯಾವ ಅಟ್ಟಕ್ಕೂ ಹತ್ತಿಸದ ಏಣಿ.

'ಎಷ್ಟು ಸೆಕೆಂಡಿಗೆ ಅರಳುತ್ತೆ ಸಾಬ್ರೇ?'
ಬುಡೇನ್‌ಸಾಬ್ ಬಿಸಿ ಮರಳಿನ ಕಡೆ ಕಿವಿ ವಾಲಿಸಿದ.
'ಸೆಕೆಂಡು ನಂಗೆ ಗೊತ್ತಿಲ್ಲ. ಸದ್ದು ಗೊತ್ತೈತಿ.
ಮೊದ್ಲು ಪಿಸುಪಿಸು ಅಂತೈತಿ,
ಆಮೇಲೆ ಮದುವೆ ಮನಿಯಾಗೆ ಎಲ್ರೂ ಒಟ್ಟಿಗೇ ಮಾತಾಡ್ತಾರಲ್ಲ, ಹಂಗೆ.
ಮಾತು ಕಮ್ಮಿ ಆಗೋಕೆ ಶುರುವಾತು ಅಂದ್ರೆ
ಎತ್ತಿಬಿಡಬೇಕು.'

ಮೊಬೈಲು ಹಿಡಿದು ಅಳೆದೆ, ಹನ್ನೊಂದು ಕಂತು.
ಮೂವತ್ತೆಂಟು. ನಲವತ್ತೊಂದು. ಮೂವತ್ತಾರು.
ಅಕ್ಕಿ ತುಸು ಹಸಿ ಇದ್ದ ದಿನ ನಲವತ್ತೇಳು.
ಟೈಮರಿಗೆ ಬೇಕಾದದ್ದು ಒಂದು ಅಂಕಿ;
ಅವನಲ್ಲಿ ಇದ್ದದ್ದು ಮೂವತ್ತು ವರ್ಷ.

ಕೊನೆಗೆ ಪ್ಯಾನೆಲ್ಲಿನ ಮುಖಕ್ಕೆ ತೂತು ಕೊರೆದು
ರೇಡಿಯೋಗೆ ಇರುವಂಥ ಒಂದು ತಿರುಗಣೆ ಕೂರಿಸಿದೆ.
ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ.
ಕೆಳಗೆ ಮಾರ್ಕರಿನಲ್ಲಿ ಬರೆದೆ: ಸಾಬ್.
'ನಾನು ಬರದ ದಿನ?'
'ನೀವು ಬಿಟ್ಟಲ್ಲೇ ನಿಂತಿರುತ್ತೆ.'
'ಹಂಗಾದ್ರೆ ನಾಳೆಯ ಅಕ್ಕಿಗೆ ನಿನ್ನೆಯ ನಾನು,'
ಎಂದು ನಕ್ಕ. ಕೆಮ್ಮಿದ. ಎಡಕ್ಕೆ ತುಸು ತಿರುಗಿಸಿದ.

ಚೀಲದ ಬಾಯಿ ಹೊಲಿಯುತ್ತ ಹಸೀನಾಬಿ ಕೇಳಿದಳು:
'ಆ ಕೆಂಪು ಗುಂಡಿ ಯಾಕೆ ತಮ್ಮಾ ಅಷ್ಟು ದಪ್ಪ?'
ಅದು ನನ್ನ ಏಣಿಯನ್ನು ನಂಬದ ಗುಂಡಿ, ಅಂದೆ.
ಅದರ ತಂತಿ ನೇರ ಕರೆಂಟಿಗೇ ಹೋಗುತ್ತದೆ.
ಎಲ್ಲ ಚೆನ್ನಾಗಿರುವವರೆಗೆ ಅದರೊಳಗೆ ಕರೆಂಟು ಹರಿಯುತ್ತಲೇ ಇರುತ್ತದೆ,
ಅಜ್ಜಿ ಕತೆ ಹೇಳುವಾಗ ಮಗು
ಹ್ಞೂಂ, ಹ್ಞೂಂ ಅನ್ನುತ್ತಿರುವ ಹಾಗೆ.
ಒತ್ತಿದರೂ ಅಷ್ಟೇ, ಇಲಿ ಕಡಿದರೂ ಅಷ್ಟೇ:
ಹ್ಞೂಂ ನಿಂತರೆ ಕತೆ ನಿಲ್ಲುತ್ತದೆ.

ಅವಳು ದಾರ ಕಚ್ಚಿ ತುಂಡರಿಸಿದಳು.
'ನಮ್ಮ ಹುಡುಗ ನಿದ್ದೆ ಹೋದ್ರೂ ನಾನು ಹೇಳ್ತಾನೇ ಇರ್ತೀನಿ.
ಪೂರ್ತಿ ಮಾಡ್ಲಿಲ್ಲ ಅಂದ್ರೆ ನಂಗೆ ನಿದ್ದೆ ಬರಂಗಿಲ್ಲ.'

ಕೊಟೇಶನ್ನಿನ ಎರಡನೇ ಹಾಳೆಯಲ್ಲಿ ನಾನೇ ಟೈಪು ಮಾಡಿದ ಸಾಲಿತ್ತು:
ಉಳಿತಾಯ, ಪಾಳಿಗೆ ನಾಲ್ಕು ಆಳು.
ಆಗ ನನಗೆ ಆ ನಾಲ್ವರ ಹೆಸರು ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಹಸಿರು ದೀಪ.
ಕೊನೆಯ ಬೆಲ್ಟು ಮೊದಲು ಹೊರಟಿತು. ಅದರ ಹಿಂದಿನದು. ಜರಡಿ.
ಬೆಳ್ಳಗೆ, ಹಗುರಾಗಿ, ಮಂಡಕ್ಕಿ ಬಂತು.
ಹತ್ತು ನಿಮಿಷ.
ಎಲ್ಲವೂ ಗಕ್ಕನೆ ನಿಂತಿತು.
ಏಣಿಯ ಮೆಟ್ಟಿಲು ಮೆಟ್ಟಿಲೂ ತಡಕಿದೆ,
ತಪ್ಪು ಸಿಗಲಿಲ್ಲ, ಬೆವರು ಸಿಕ್ಕಿತು.
ಹಸೀನಾಬಿ ಎದ್ದು ಬಂದಳು,
ಸೆನ್ಸರಿನ ಕಡಲೆಕಾಳಿನಷ್ಟು ಕಣ್ಣಿಗೆ ಕಟ್ಟಿದ್ದ ಹೊಗೆಮಸಿಯನ್ನು
ಸೆರಗಿನ ತುದಿಯಿಂದ ಒರೆಸಿದಳು,
ಮಗುವಿನ ಮೂಗು ಒರೆಸಿದ ಹಾಗೆ.
ಓಡಿತು.

ಮಾಲೀಕ ಗುರುಶಾಂತಪ್ಪ ಗಲ್ಲಾದ ಬಳಿ ಬಿಲ್ಲು ನೋಡುತ್ತಿದ್ದರು.
'ಗಂಟೆಗೊಮ್ಮೆ ಅದರ ಕಣ್ಣು ಒರೆಸಬೇಕು ಸಾರ್,' ಅಂದೆ,
'ಅದಕ್ಕೆ ಒಬ್ಬರು ಬೇಕೇಬೇಕು.
ನಾಲ್ಕಲ್ಲ, ಮೂರು ಅಂತ ತಿದ್ದಿಕೊಳ್ಳಿ.'
ನನ್ನ ಕೈಯಲ್ಲಾದದ್ದು ಅಷ್ಟೇ, ಒಂದು ಅಂಕಿ.

ಅವರು ತಲೆ ಎತ್ತದೆ
ಹ್ಞೂಂ ಅಂದರು.
ಅದು ಒಪ್ಪಿಗೆಯೋ, ಬರೀ ಕತೆ ಕೇಳುವವರ ಹ್ಞೂಂ ಮಾತ್ರವೋ,
ಪ್ಯಾನೆಲ್ಲಿಗೆ ಬೀಗ ಹಾಕುವಾಗಲೂ
ನನಗೆ ತಿಳಿಯಲಿಲ್ಲ.