ಒಳಗಿನ ಮೊಳೆ

ಎಲ್ ಪಾಸೊದಲ್ಲಿ, ರೈಲು ಹಳಿಯ ಮಗ್ಗುಲಿಗೆ,
ಬೂಟು ಹೊಲಿಸಲು ಬಂದವರನ್ನು ಮುದುಕ ಎಲೀಸಿಯೊ
ಮೊದಲು ಕೂರಿಸುತ್ತಾನೆ, ಕಾಲುಚೀಲ ತೆಗೆಸುತ್ತಾನೆ,
ಮಾತಿಲ್ಲದೆ ಪಾದವನ್ನು
ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ.
ವಕೀಲನಾಗಲಿ, ದನ ಕಾಯುವವನಾಗಲಿ
ಆ ಗಳಿಗೆ ಒಂದಿಷ್ಟು ನಾಚಿಕೆ.
ಹೆಬ್ಬೆರಳು ಮುದುಡುತ್ತದೆ.

ಎಂಟು ಕಡೆ ಟೇಪು ಸುತ್ತಿ ಅಂಕಿ ಕೂಗುತ್ತಾನೆ, ನಾನು ಬರೆಯುತ್ತೇನೆ.
ಅಂಕಿಗೆ ಸಿಗದ್ದನ್ನು ಬೆರಳಲ್ಲೇ ಇಟ್ಟುಕೊಳ್ಳುತ್ತಾನೆ:
ಎಂದೋ ಕುದುರೆ ತುಳಿದ ಮೂಳೆ,
ಸಕ್ಕರೆ ಕಾಯಿಲೆಗೆ ಮರಗಟ್ಟುತ್ತಿರುವ ಹಿಮ್ಮಡಿ.
ಡಾಕ್ಟರ ಹತ್ತಿರ ಹೋಗು ಎಂದು ಎಷ್ಟೋ ಜನಕ್ಕೆ
ಮೊದಲು ಹೇಳಿದವನು ಇವನೇ.

ನಾನು ನೋಯೆಮಿ. ಹನ್ನೊಂದು ವರ್ಷ
ಶಾಲೆಯ ಬಸ್ಸು ಓಡಿಸಿದವಳು.
ನಲವತ್ತಕ್ಕೆ ಕಲಿಯಲು ಬಂದಾಗ
ಕೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ.
"ಸ್ಟೀರಿಂಗು ತಿರುಗಿಸಿದ ಕೈ. ದಾರ ಎಳೆದೀತು."
ಮೊದಲ ವರ್ಷ ದಾರಕ್ಕೆ ಮೇಣ ತಿಕ್ಕಿದ್ದಷ್ಟೇ ನೆನಪು,
ಅಂಗೈಯ ಗೆರೆಗಳೆಲ್ಲ ಕಪ್ಪು.
ಬಸ್ಸಿನ ಮಕ್ಕಳು ಈಗಲೂ ಬೀದಿಯಲ್ಲಿ ಕೈ ಬೀಸುತ್ತಾರೆ,
ಕೆಲವರಿಗೆ ಮೀಸೆ ಬಂದಿದೆ.

ಗೋಡೆಯ ತುಂಬ ಮರದ ಅಚ್ಚುಗಳು, ಜೊತೆ ಜೊತೆ.
ಹೆಸರು, ಇಸವಿ,
ಉಬ್ಬಿದ ಗಿಣ್ಣಿಗೆ ಅಂಟಿಸಿದ ತೊಗಲ ಚೂರು,
ವರ್ಷ ಕಳೆದಂತೆ ಚೂರಿನ ಮೇಲೆ ಚೂರು.
ಮನುಷ್ಯರು ಮುದುಕರಾಗುವುದು
ಇಲ್ಲಿ ನೂಲಿನಷ್ಟು ನೂಲಿನಷ್ಟೇ.
ಮೇಲಿನ ಎರಡು ಸಾಲು ಸತ್ತವರದು.
ಸೌದೆಗಾದರೂ ಆಗುತ್ತವೆ ಎಂದು ಒಮ್ಮೆ ಅಂದುಬಿಟ್ಟೆ.
ಊಟದ ಡಬ್ಬಿ ಮುಚ್ಚಿ ಎದ್ದು ಹೋದ.
ಮಾರನೆಯ ದಿನ ಏಣಿ ತಂದಿಟ್ಟು, ಧೂಳು ಒರೆಸು, ಎಂದ.

ಅಂಗಾಲಿನ ಕಮಾನಿಗೆ, ಎರಡು ತೊಗಲ ನಡುವೆ,
ಒಂದು ಮೊಳೆ ಇಡುತ್ತೇವೆ.
ಬಡಗಿಗಳು ತೊಲೆಗೆ ಹೊಡೆಯುವಂಥದ್ದು, ಗೇಣುದ್ದ,
ಬಡಿದು ಚಪ್ಪಟೆ ಮಾಡಿ, ಪಾದದ ತಗ್ಗಿಗೆ ಬಗ್ಗಿಸಿ.
ಮೇಲೆ ಅಟ್ಟೆ, ಅಂಚಿಗೆ ಮರದ ಸಣ್ಣ ಗೂಟಗಳು.
ಇನ್ನು ಅದನ್ನು ಯಾರೂ ನೋಡುವುದಿಲ್ಲ.
ರಿಕಾಪಿನ ಮೇಲೆ ಮೈಭಾರ ಬಿದ್ದಾಗ ಹೊರುವುದು ಅದೇ.

ಮಾರ್ಚಿಯಲ್ಲಿ ಒಬ್ಬ ಹುಡುಗ ಬಂದ, ಒಳ್ಳೆಯವನೇ.
ಫೋನು ಹಿಡಿದರೆ ಸಾಕು, ಪಾದದ ಅಳತೆ ಪೂರ್ತಿ.
ಗೋಡೆಯ ಅಚ್ಚುಗಳನ್ನೂ ಅಳೆದುಕೊಳ್ಳುತ್ತೇನೆ, ದುಡ್ಡು ಕೊಡುತ್ತೇನೆ,
ಮುದುಕ ಹೋದ ಮೇಲೂ ಉಳಿಯುತ್ತವಲ್ಲ, ಎಂದ.
ಎದುರಿಗೇ ಎಂದ.
ಎಲೀಸಿಯೊಗೆ ಕೋಪ ಬರಲಿಲ್ಲ, ಮಗುವಿನ ಹಾಗೆ ಬೆರಗು.
"ನನ್ನದು ತೆಗಿ ನೋಡೋಣ."
ಆಗ ನೋಡಿದೆ, ಆರು ವರ್ಷದಲ್ಲಿ ಮೊದಲ ಸಲ:
ಅವನ ಕಾಲಲ್ಲಿದ್ದದ್ದು ಸೂಪರ್ ಮಾರ್ಕೆಟ್ಟಿನ ಕ್ಯಾನ್ವಾಸ್ ಶೂ,
ಕಿರುಬೆರಳ ಬಳಿ ಹರಿದದ್ದು.
ಗೋಡೆಯಲ್ಲಿ ಅವನ ಹೆಸರಿನ ಅಚ್ಚೇ ಇಲ್ಲ.

ಆರ್ಡರು ಪುಸ್ತಕದಲ್ಲಿ ಮೂರು ವರ್ಷದ ಕೆಲಸವಿದೆ.
ಅವನ ಕಣ್ಣಿಗೆ ಅಷ್ಟು ಇದೆಯೋ ಇಲ್ಲವೋ.
ತೊಗಲು ಹದಮಾಡುವ ಕಾರ್ಖಾನೆ ಮುಚ್ಚಿತು, ಬಾಡಿಗೆ ಏರಿತು.
ಲೆಕ್ಕ ಹಾಕಿದರೆ ಗಂಟೆಗೆ ನನಗೆ ಬರುವುದು
ಬಸ್ಸಿನಲ್ಲಿ ಬರುತ್ತಿದ್ದಕ್ಕಿಂತ ಕಡಿಮೆ.
ಲೆಕ್ಕ ಹಾಕುವುದನ್ನು ಬಿಟ್ಟಿಲ್ಲ.

ಹುಡುಗ ಹೋದ ಮೇಲೆ ಕುರ್ಚಿ ತೋರಿಸಿದೆ.
ಕಾಲುಚೀಲ ತೆಗೆ, ಎಂದೆ.
ಬೈದ, ನಕ್ಕ, ನಲ್ಲಿಗೆ ಹೋಗಿ ಕಾಲು ತೊಳೆದು ಬಂದ.
ತೊಡೆಯ ಮೇಲೆ ಇಟ್ಟುಕೊಂಡೆ. ಇಷ್ಟು ಹಗುರ.
ಅವನ ಹೆಬ್ಬೆರಳೂ ಮುದುಡಿತು.

ನವೆಂಬರಿನಲ್ಲಿ ಬೂಟು ಹಾಕಿಕೊಂಡು
ಹಳಿಯವರೆಗೆ ನಡೆದು ಬಂದ.
ಚೆನ್ನಾಗಿದೆ ಎನ್ನಲಿಲ್ಲ.
"ಎಡಗಡೆ ಬಿಗಿ."
ಅಚ್ಚು ಕೆಳಗಿಳಿಸಿ, ತಾನೇ ತೊಗಲ ಚೂರು ಕತ್ತರಿಸಿ
ಅಂಟಿಸಿ, ಒಣಗಲೆಂದು ಊದುತ್ತಾ ಕೂತ.

ಬಾಗಿಲಲ್ಲಿ ಯಾರೋ, ಹ್ಯಾಟು ಕೈಯಲ್ಲಿ ಹಿಡಿದು.
ಅವನು ತಲೆ ಎತ್ತಲಿಲ್ಲ.
ನಾನು ಟೇಪು ತೆಗೆದುಕೊಂಡೆ.